ಮಂಗಳೂರು, ಉಡುಪಿಗೆ ಹೊರಡುವ ಮುನ್ನ: ಪದೇ ಪದೇ ಕೇಳುವ ಪ್ರಶ್ನೆಗಳು

ಕರಾವಳಿಗೆ ಬರುವವರು ಮೊದಲು ನೋಡಬೇಕಾದದ್ದು ಭೂಪಟವಲ್ಲ, ಪಂಚಾಂಗ. ಕೋಲ (ದೈವದ ಆರಾಧನೆ), ಕಂಬಳ (ಕೆಸರಲ್ಲಿ ಕೋಣಗಳ ಓಟ), ಯಕ್ಷಗಾನ, ಮೀನು, ದ್ವೀಪದ ಬೋಟು ಎಲ್ಲದಕ್ಕೂ ಇಲ್ಲಿ ಅದರದೇ ಕಾಲವಿದೆ. ಆ ಕಾಲ ತಪ್ಪಿದರೆ ಎಷ್ಟು ದುಡ್ಡು ಕೊಟ್ಟರೂ ಅದು ಸಿಗುವುದಿಲ್ಲ. ಕೆಳಗಿನ ಉತ್ತರಗಳನ್ನು ಆ ಲೆಕ್ಕದಲ್ಲೇ ಬರೆದಿದ್ದೇವೆ.

ಯಾವ ತಿಂಗಳಲ್ಲಿ ಬಂದರೆ ಒಳ್ಳೆಯದು?

ಒಂದೇ ಪ್ರವಾಸದಲ್ಲಿ ಹೆಚ್ಚು ನೋಡಬೇಕೆಂದರೆ ಡಿಸೆಂಬರ್ ಮಧ್ಯದಿಂದ ಫೆಬ್ರವರಿ ಕೊನೆಯವರೆಗೆ ಬನ್ನಿ. ಆಗ ಕಂಬಳ ನಡೆಯುತ್ತಿರುತ್ತದೆ, ಯಕ್ಷಗಾನ ಮೇಳಗಳು ತಿರುಗಾಟದಲ್ಲಿರುತ್ತವೆ, ಊರೂರಲ್ಲಿ ನೇಮ (ದೈವದ ಸೇವೆ) ಇರುತ್ತದೆ, ಸಮುದ್ರವೂ ಶಾಂತ. ಮಾರ್ಚ್‌ನಿಂದ ಸೆಕೆ ಏರುತ್ತದೆ. ಬಯಲುಸೀಮೆಯ ಒಣ ಬಿಸಿಲು ಅಭ್ಯಾಸವಿದ್ದವರಿಗೆ ಇಲ್ಲಿನ ಬೆವರು ಹೆಚ್ಚು ಕಷ್ಟ.

ತುಳು ಪಂಚಾಂಗದ ಬೇಶ ತಿಂಗಳ ಹತ್ತನೇ ದಿನ, ಅಂದರೆ ಮೇ 24ರ ಆಸುಪಾಸಿನಲ್ಲಿ, ಪತ್ತನಾಜೆ ಬರುತ್ತದೆ. ಅಂದಿಗೆ ಮೇಳದವರು ಗೆಜ್ಜೆ ಬಿಚ್ಚುತ್ತಾರೆ, ದೈವಗಳ ಸೇವೆಗಳೂ ಆ ವರ್ಷದ ಮಟ್ಟಿಗೆ ನಿಲ್ಲುತ್ತವೆ. ಜೂನ್‌ನಲ್ಲಿ ಬಂದು ಕೋಲ ಎಲ್ಲಿದೆ ಎಂದು ಕೇಳಿ ನಿರಾಶರಾಗುವವರು ಪ್ರತಿ ವರ್ಷ ಇರುತ್ತಾರೆ. ಹಾಗೆಂದು ಮಳೆಗಾಲ ಬೇಡವೆನ್ನುವುದಿಲ್ಲ. ಹಸಿರು ಗದ್ದೆ, ತುಂಬಿ ಹರಿಯುವ ನೇತ್ರಾವತಿ, ಆಟಿ ತಿಂಗಳ (ಜುಲೈ–ಆಗಸ್ಟ್) ಕೆಸುವಿನೆಲೆಯ ಪತ್ರೊಡೆ ಇವೆಲ್ಲ ಆಗಿನವೇ. ಜುಲೈ ತಿಂಗಳಲ್ಲಿ ಮಾತ್ರ ದಿನದ ಯೋಜನೆಯನ್ನು ಸಡಿಲವಾಗಿಟ್ಟುಕೊಳ್ಳಿ.

ಬೆಂಗಳೂರಿನಿಂದ ಬರುವುದು ಹೇಗೆ? ಯಾವ ಘಾಟಿ?

ಮಂಗಳೂರಿಗೆ ರಸ್ತೆಯಲ್ಲಿ ಸುಮಾರು 350 ಕಿ.ಮೀ. ಮುಖ್ಯ ದಾರಿ ಶಿರಾಡಿ ಘಾಟಿಯದು. ಜೋರು ಮಳೆಯಲ್ಲಿ ಗುಡ್ಡ ಕುಸಿದು ಅದು ಬಂದ್ ಆದರೆ ಚಾರ್ಮಾಡಿ ಅಥವಾ ಮಡಿಕೇರಿ ಕಡೆಯ ಸಂಪಾಜೆ ದಾರಿ ಹಿಡಿಯಬೇಕಾಗುತ್ತದೆ. ಶಿವಮೊಗ್ಗ, ತೀರ್ಥಹಳ್ಳಿ ಕಡೆಯಿಂದ ಉಡುಪಿಗೆ ಇಳಿಯುವವರಿಗೆ ಆಗುಂಬೆ ಹತ್ತಿರ. ಅದರ ತಿರುವುಗಳು ತುಂಬ ಕಡಿದಾದ್ದರಿಂದ ಭಾರಿ ವಾಹನಗಳಿಗೆ ಬಿಡುವುದಿಲ್ಲ. ದೊಡ್ಡ ಟೂರಿಸ್ಟ್ ಬಸ್ ಮಾಡಿಕೊಂಡು ಬರುವವರು ಇದನ್ನು ಮೊದಲೇ ವಿಚಾರಿಸಬೇಕು.

ಹಗಲು ರೈಲು ಸಿಕ್ಕರೆ ಅದನ್ನೇ ಹಿಡಿಯಿರಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿ.ಮೀ. ಘಾಟಿಯಲ್ಲಿ 57 ಸುರಂಗಗಳಿವೆ. ರಾತ್ರಿ ಗಾಡಿಯಲ್ಲಿ ಬಂದರೆ ಇದೊಂದೂ ಕಾಣುವುದಿಲ್ಲ.

ಟಿಕೆಟ್‌ನಲ್ಲಿ ಮಂಗಳೂರು ಸೆಂಟ್ರಲ್, ಮಂಗಳೂರು ಜಂಕ್ಷನ್ ಎಂದು ಎರಡು ಹೆಸರಿದೆ. ಯಾವುದರಲ್ಲಿ ಇಳಿಯಬೇಕು?

ಸೆಂಟ್ರಲ್ ಇರುವುದು ಹಂಪನಕಟ್ಟೆಯ ಹತ್ತಿರ, ಪೇಟೆಯ ನಡುವೆ. ಜಂಕ್ಷನ್ ಪಡೀಲ್ ಬಳಿ, ಊರ ಹೊರಬದಿಯಲ್ಲಿದೆ; ಹಳಬರು ಅದನ್ನು ಕಂಕನಾಡಿ ಸ್ಟೇಷನ್ ಎನ್ನುತ್ತಾರೆ. ಕೇರಳ ಮತ್ತು ಕೊಂಕಣ ರೈಲ್ವೆಯ ನಡುವೆ ಓಡುವ ಹೆಚ್ಚಿನ ದೂರದ ಗಾಡಿಗಳು ಸೆಂಟ್ರಲ್‌ಗೆ ಬರುವುದೇ ಇಲ್ಲ, ಜಂಕ್ಷನ್‌ನಿಂದಲೇ ಮುಂದೆ ಹೋಗುತ್ತವೆ. ಹಿಂತಿರುಗುವ ದಿನ ತಪ್ಪು ಸ್ಟೇಷನ್‌ಗೆ ಹೋದರೆ ಸಂಜೆಯ ಟ್ರಾಫಿಕ್‌ನಲ್ಲಿ ಇನ್ನೊಂದಕ್ಕೆ ತಲುಪುವುದು ಕಷ್ಟ, ಆದ್ದರಿಂದ ಟಿಕೆಟ್ ಇನ್ನೊಮ್ಮೆ ನೋಡಿಕೊಳ್ಳಿ. ಉಡುಪಿಯ ಸ್ಟೇಷನ್ ಇಂದ್ರಾಳಿಯಲ್ಲಿದೆ, ಅಲ್ಲಿಂದ ಪೇಟೆಗೆ ರಿಕ್ಷಾ ಸಾಕು.

ಊರೊಳಗೆ ಓಡಾಟಕ್ಕೆ ಕಾರು ಬೇಕೇ ಬೇಕೆ?

ಬೇಕಿಲ್ಲ. ಮಂಗಳೂರು ಮತ್ತು ಉಡುಪಿ ನಡುವಿನ ಸುಮಾರು 55–60 ಕಿ.ಮೀ. ದಾರಿಯಲ್ಲಿ ಖಾಸಗಿ ಎಕ್ಸ್‌ಪ್ರೆಸ್ ಬಸ್ಸುಗಳು ಒಂದರ ಹಿಂದೆ ಒಂದು ಓಡುತ್ತವೆ. ಮಂಗಳೂರಲ್ಲಿ ಕಂಡಕ್ಟರ್ "ಸ್ಟೇಟ್‌ಬ್ಯಾಂಕ್, ಸ್ಟೇಟ್‌ಬ್ಯಾಂಕ್" ಎಂದು ಕೂಗಿದರೆ ಅದು ಸಿಟಿ ಮತ್ತು ಸರ್ವಿಸ್ ಬಸ್ ನಿಲ್ದಾಣ. ಕೆಎಸ್‌ಆರ್‌ಟಿಸಿ ನಿಲ್ದಾಣ ಬೇರೆ, ಅದು ಬಿಜೈಯಲ್ಲಿದೆ. ರಾತ್ರಿ ಬಸ್ಸಿನ ಟಿಕೆಟ್ ಇಟ್ಟುಕೊಂಡು ಒಂದು ನಿಲ್ದಾಣದವರು ಇನ್ನೊಂದರಲ್ಲಿ ಕಾಯುವುದು ಮಾಮೂಲು. ಬಸದಿಗಳ ಕಡೆ, ಅಂದರೆ ಮೂಡುಬಿದಿರೆ, ಕಾರ್ಕಳ, ವೇಣೂರು ಒಂದೇ ದಿನದಲ್ಲಿ ನೋಡಬೇಕಾದರೆ ಮಾತ್ರ ಕಾರು ಮಾಡಿಕೊಳ್ಳುವುದು ಲೇಸು.

ಇಷ್ಟು ಸಣ್ಣ ಜಾಗದಲ್ಲಿ ಇಷ್ಟು ಭಾಷೆ, ಇಷ್ಟು ಮತ ಹೇಗೆ ಸೇರಿದವು?

ಸಮುದ್ರದಿಂದ ಮತ್ತು ಆ ಸಮುದ್ರವನ್ನು ನಂಬಿದ ವ್ಯಾಪಾರದಿಂದ. ಈ ನಾಡನ್ನು ಶತಮಾನಗಳ ಕಾಲ ಆಳಿದವರು ಆಳುಪರು. ಬಾರ್ಕೂರು ಅವರ ರಾಜಧಾನಿಗಳಲ್ಲಿ ಒಂದು. ಕದ್ರಿಯ ಮಂಜುನಾಥ ದೇವಸ್ಥಾನದಲ್ಲಿರುವ ಲೋಕೇಶ್ವರನ ಕಂಚಿನ ವಿಗ್ರಹದ ಪೀಠದಲ್ಲಿ ಆಳುಪ ಕುಂದವರ್ಮನ ಶಾಸನವಿದೆ, ಕಾಲ ಕ್ರಿ.ಶ. 968. ದೇವಸ್ಥಾನಕ್ಕೆ ಹೋದವರು ಗರ್ಭಗುಡಿಗೆ ಕೈಮುಗಿದು ಹೊರಟುಬಿಡುತ್ತಾರೆ. ಆ ವಿಗ್ರಹದ ಮುಂದೆ ಐದು ನಿಮಿಷ ನಿಲ್ಲಿ, ದಕ್ಷಿಣ ಭಾರತದ ಕಂಚಿನ ಕೆಲಸದಲ್ಲಿ ಅದು ದೊಡ್ಡ ಹೆಸರು.

12ನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಮಂಗಳೂರಲ್ಲಿ ನೆಲೆಸಿ ಏಡನ್ ಜೊತೆ ವ್ಯಾಪಾರ ಮಾಡುತ್ತಿದ್ದ. ಅವನ ಪತ್ರಗಳು ಕೈರೋದಲ್ಲಿ ಸಿಕ್ಕಿವೆ. 14ನೇ ಶತಮಾನದಲ್ಲಿ ಇಬ್ನ್ ಬತೂತ ಇಲ್ಲಿಗೆ ಬಂದ. ಅರಬ್ ವ್ಯಾಪಾರದ ನಂಟಿನಿಂದ ಇಲ್ಲಿನ ಮುಸ್ಲಿಮರ ಬ್ಯಾರಿ ಸಮುದಾಯ ಬೆಳೆಯಿತು. ಗೋವೆಯಲ್ಲಿ ಪೋರ್ಚುಗೀಸರ ಕಾಲದ ಒತ್ತಡಕ್ಕೆ ಸಿಕ್ಕಿ ಕೊಂಕಣಿ ಮಾತಾಡುವ ಸಾರಸ್ವತರೂ ಕ್ರೈಸ್ತರೂ ದಕ್ಷಿಣಕ್ಕೆ ಬಂದರು. ಅದೇ ಪೋರ್ಚುಗೀಸರಿಗೆ ಕಪ್ಪ ಕೊಡಲೊಪ್ಪದೆ 16ನೇ ಶತಮಾನದಲ್ಲಿ ಎದುರು ನಿಂತವಳು ಉಳ್ಳಾಲದ ರಾಣಿ ಅಬ್ಬಕ್ಕ, ಜೈನ ಚೌಟ ಮನೆತನದವಳು.

1834ರಲ್ಲಿ ಸ್ವಿಟ್ಜರ್‌ಲ್ಯಾಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ ಬಂತು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' 1843ರ ಜುಲೈ 1ರಂದು ಇಲ್ಲೇ ಹೊರಬಿತ್ತು, ಹರ್ಮನ್ ಮೋಗ್ಲಿಂಗ್ ಅದರ ಸಂಪಾದಕ. ಕಿಟೆಲ್ ನಿಘಂಟು 1894ರಲ್ಲಿ ಇದೇ ಊರಲ್ಲಿ ಅಚ್ಚಾಯಿತು. 1865ರಲ್ಲಿ ಮಿಷನ್ ಶುರುಮಾಡಿದ ಹೆಂಚಿನ ಕಾರ್ಖಾನೆಗೆ ಬೇಕಾದ ಜೇಡಿಮಣ್ಣು ನೇತ್ರಾವತಿ, ಫಲ್ಗುಣಿ ದಡದಲ್ಲೇ ಇತ್ತು, ಹೆಂಚು ಸಾಗಿಸಲು ಬಂದರೂ ಪಕ್ಕದಲ್ಲೇ ಇತ್ತು. ಮಂಗಳೂರು ಹೆಂಚು ದೇಶವಿದೇಶಗಳ ಮಾಡು ಹೊದೆಸಿದ್ದು ಹೀಗೆ. ಇನ್ನೊಂದು ಸಂಗತಿಯನ್ನು ಹೊರಗಿನವರು ನಂಬುವುದೇ ಕಷ್ಟ: ಕೆನರಾ (1906), ಕಾರ್ಪೊರೇಶನ್ (1906), ಕರ್ಣಾಟಕ (1924), ಸಿಂಡಿಕೇಟ್ (1925), ವಿಜಯಾ (1931), ಈ ಐದೂ ಬ್ಯಾಂಕುಗಳು ಹುಟ್ಟಿದ್ದು ಮಂಗಳೂರು, ಉಡುಪಿಯಲ್ಲಿ. ಆಗ ಜಿಲ್ಲೆ ಒಂದೇ. ಉಡುಪಿ ಬೇರೆ ಜಿಲ್ಲೆಯಾದದ್ದು 1997ರಲ್ಲಿ.

ಉಡುಪಿ ಕೃಷ್ಣ ಮಠದಲ್ಲಿ ದರ್ಶನದ ಕ್ರಮ ಏನು?

13ನೇ ಶತಮಾನದಲ್ಲಿ ಮಧ್ವಾಚಾರ್ಯರು ಪ್ರತಿಷ್ಠೆ ಮಾಡಿದ ಕೃಷ್ಣ ಪಶ್ಚಿಮಕ್ಕೆ ಮುಖಮಾಡಿ ನಿಂತಿದ್ದಾನೆ. ಬಾಗಿಲಿನಿಂದ ನೇರ ದರ್ಶನವಿಲ್ಲ, ಒಂಬತ್ತು ರಂಧ್ರಗಳ ನವಗ್ರಹ ಕಿಂಡಿಯ ಮೂಲಕ ನೋಡಬೇಕು. ಒಳಗೆ ಹೋಗುವ ಗಂಡಸರು ಅಂಗಿ, ಬನಿಯನ್ ತೆಗೆಯಬೇಕು. ಹೊರಗೋಡೆಯಲ್ಲಿರುವುದು ಕನಕನ ಕಿಂಡಿ, ಅಲ್ಲಿ ರಥಬೀದಿ ಬದಿಯಲ್ಲೇ ನಿಂತು ನೋಡಬಹುದು.

ಕಿಂಡಿಯ ಮುಂದೆ ಸಿಗುವುದು ಕೆಲವೇ ಕ್ಷಣ. ಹೊರಗಿನ ಬಿಸಿಲಿನಿಂದ ನೇರ ಬಂದರೆ ಕಣ್ಣು ಕತ್ತಲೆಗೆ ಹೊಂದುವಷ್ಟರಲ್ಲಿ ಸರದಿ ಮುಂದೆ ಹೋಗಿರುತ್ತದೆ. ಸಾಲಿನಲ್ಲಿರುವಾಗಲೇ ಕಿಂಡಿಯ ಒಳಗಿನ ದೀಪದ ಕಡೆ ದೃಷ್ಟಿ ಇಡಿ, ವಿಗ್ರಹದ ಕೈಯ ಕಡೆಗೋಲು ಕಾಣುತ್ತದೆ. ಅಲಂಕಾರ ದಿನಕ್ಕೊಂದು. ಊಟದ ಪ್ರಸಾದ ಎಲ್ಲರಿಗೂ ಉಂಟು. ರಥಬೀದಿಯಲ್ಲೇ ಇರುವ ಅನಂತೇಶ್ವರ, ಚಂದ್ರಮೌಳೀಶ್ವರ ದೇವಸ್ಥಾನಗಳು ಮಠಕ್ಕಿಂತ ಹಳೆಯವು. ಮೊದಲು ಅಲ್ಲಿ ಕೈಮುಗಿದು ಆಮೇಲೆ ಕೃಷ್ಣನಲ್ಲಿಗೆ ಹೋಗುವುದು ರೂಢಿ.

ಪರ್ಯಾಯ ಎಂದರೆ ಏನು, ಮತ್ತೆ ಯಾವಾಗ?

ಪಲಿಮಾರು, ಅದಮಾರು, ಕೃಷ್ಣಾಪುರ, ಪುತ್ತಿಗೆ, ಶೀರೂರು, ಸೋದೆ, ಕಾಣಿಯೂರು, ಪೇಜಾವರ: ಈ ಎಂಟು ಮಠಗಳು ಸರದಿಯಂತೆ ಕೃಷ್ಣಪೂಜೆಯ ಹೊಣೆ ಹೊರುತ್ತವೆ. ಮೊದಲು ಎರಡು ತಿಂಗಳಿಗೊಮ್ಮೆ ಬದಲಾಗುತ್ತಿದ್ದ ಸರದಿಯನ್ನು ಎರಡು ವರ್ಷಕ್ಕೆ ಏರಿಸಿದವರು ಸೋದೆ ಮಠದ ಯತಿ ವಾದಿರಾಜರು. ಸಮಸಂಖ್ಯೆಯ ವರ್ಷಗಳ ಜನವರಿ 18ರ ನಸುಕಿನಲ್ಲಿ ಹಸ್ತಾಂತರ. ಸರದಿ ಏರುವ ಸ್ವಾಮಿಗಳು ಕಾಪು ಬಳಿಯ ದಂಡತೀರ್ಥದಲ್ಲಿ ಸ್ನಾನ ಮಾಡಿ, ಜೋಡುಕಟ್ಟೆಯಿಂದ ಮೆರವಣಿಗೆಯಲ್ಲಿ ರಥಬೀದಿಗೆ ಬರುತ್ತಾರೆ. 17ರ ರಾತ್ರಿ ಉಡುಪಿ ಮಲಗುವುದಿಲ್ಲ. ರೂಮು ಬೇಕಾದರೆ ತಿಂಗಳುಗಟ್ಟಲೆ ಮುಂಚೆ ಹಿಡಿಯಬೇಕು, ಕಾರು ಪೇಟೆಯ ಹೊರಗೇ ಬಿಡಬೇಕು.

ಪರ್ಯಾಯದ ಗದ್ದಲ ಬೇಡದವರು ಹಿಂದಿನ ವರ್ಷದ ತಯಾರಿಯನ್ನು ನೋಡಬಹುದು. ಬಾಳೆ, ಅಕ್ಕಿ, ಕಟ್ಟಿಗೆ, ಭತ್ತ ಎಂದು ನಾಲ್ಕು ಮುಹೂರ್ತಗಳು ಬರುತ್ತವೆ. ಕಟ್ಟಿಗೆ ಮುಹೂರ್ತದ ನಂತರ ಮಧ್ವ ಸರೋವರದ ಹಿಂಬದಿ ಸೌದೆಯನ್ನು ರಥದ ಆಕಾರದಲ್ಲಿ ಒಟ್ಟುತ್ತಾರೆ. ಗುಂಡನೆಯ ಸುತ್ತುಗಳಾಗಿ, ತುದಿ ಹೊರಗೆ ಕಾಣುವಂತೆ, ಮೇಲೆ ಹೋದಂತೆ ಕಿರಿದಾಗುವ ಹಾಗೆ ಜೋಡಿಸಿದ ಆ ಕಟ್ಟಿಗೆ ರಥ ಮುಂದಿನ ಅನ್ನದಾನದ ಉರುವಲು.

ಹೊರಗಿನವರು ಭೂತಕೋಲ ನೋಡಬಹುದೆ? ಫೋಟೊ ತೆಗೆಯಬಹುದೆ?

ನೋಡಬಹುದು, ಹೆಚ್ಚಿನ ಕಡೆ ಸ್ವಾಗತವೂ ಇದೆ. ಆದರೆ ಕೋಲ ಪ್ರದರ್ಶನವಲ್ಲ, ಆರಾಧನೆ. ಅದಕ್ಕೆ ಟಿಕೆಟ್ ಇಲ್ಲ, ಹೋಟೆಲಿನವರು ಬುಕ್ ಮಾಡಿಕೊಡುವಂಥದ್ದೂ ಅಲ್ಲ. ಊರ ದೈವಸ್ಥಾನ ಅಥವಾ ಗುತ್ತಿನ ಮನೆಯವರ (ಊರ ಹಿರಿಯ ಮನೆತನದವರ) ಆಮಂತ್ರಣದ ಕಾಗದ ಬಂದ ಪರಿಚಯದವರ ಜೊತೆ ಹೋಗುವುದು ಸರಿಯಾದ ದಾರಿ.

ಕ್ರಮ ತಿಳಿದಿದ್ದರೆ ನೋಡುವುದು ಬೇರೆಯೇ. ಮೊದಲು ದೈವದ ಭಂಡಾರ, ಅಂದರೆ ಮೊಗ (ಮುಖವಾಡ), ಕಡ್ತಲೆ (ಕತ್ತಿ), ಆಭರಣ, ಭಂಡಾರದ ಮನೆಯಿಂದ ಕೋಲ ನಡೆಯುವ ಕಳಕ್ಕೆ ಬರುತ್ತದೆ. ದೈವದ ವೇಷ ಕಟ್ಟುವವರಿಗೆ ಎಣ್ಣೆ, ವೀಳ್ಯ ಕೊಡುತ್ತಾರೆ. ಈ ಸೇವೆ ಪಂಬದ, ಪರವ, ನಲಿಕೆ ಸಮುದಾಯಗಳಲ್ಲಿ ತಲೆಮಾರಿನಿಂದ ಬಂದದ್ದು. ಸ್ನಾನ ಮಾಡಿ ಬಂದವರು ಮುಖಕ್ಕೆ ಅರದಳದ ಹಳದಿ ಬಳಿದು ಗೆರೆ ಬರೆಯುತ್ತಿರುವಾಗ, ಪಕ್ಕದಲ್ಲಿ ಅವರ ಮನೆಯ ಹೆಂಗಸು ತೆಂಬರೆ ಬಡಿಯುತ್ತ ಆ ದೈವದ ಪಾಡ್ದನ ಹಾಡುತ್ತಾಳೆ. ದೈವ ಎಲ್ಲಿ ಹುಟ್ಟಿತು, ಯಾವ ದಾರಿಯಲ್ಲಿ ಈ ಊರಿಗೆ ಬಂತು ಎಂಬುದೆಲ್ಲ ಆ ಹಾಡಿನಲ್ಲಿದೆ. ಸೊಂಟಕ್ಕೆ ತೆಂಗಿನ ಎಳೆಗರಿಯ ಸಿರಿ, ಬೆನ್ನಿಗೆ ಅಣಿ ಎಂಬ ದೊಡ್ಡ ಅಲಂಕಾರ ಏರಿ, ಕಾಲಿಗೆ ಗಗ್ಗರ (ದೈವದ ಕಾಲ್ಗಡಗ) ಕಟ್ಟಿದ ಮೇಲೆ ಆವೇಶ. ನಂತರ ನುಡಿ: ದೈವ ಮನೆತನಗಳನ್ನು ಹೆಸರಿಟ್ಟು ಕರೆಯುತ್ತದೆ, ಜಾಗದ ತಕರಾರು, ಕಾಯಿಲೆ, ಮುರಿದ ಮಾತು ಇವುಗಳನ್ನು ಕೇಳಿ ತೀರ್ಪು ಹೇಳುತ್ತದೆ. ಕೋಲದ ಜೀವ ಇರುವುದು ಇಲ್ಲೇ ಎಂಬುದು ನಮ್ಮ ಅನಿಸಿಕೆ. ಬಂದವರು ಬೆಂಕಿ, ಕುಣಿತ ನೋಡಿ ಇದಕ್ಕೆ ಮೊದಲೇ ಎದ್ದು ಹೋಗುತ್ತಾರೆ. ತುಳು ಬಾರದಿದ್ದರೆ ಪಕ್ಕದವರನ್ನು ಮೆಲ್ಲಗೆ ಕೇಳಿ, ಹೇಳುತ್ತಾರೆ.

ಫೋಟೊಗೆ ಮನೆಯವರ ಒಪ್ಪಿಗೆ ಮೊದಲು. ಎಷ್ಟೋ ಕಡೆ ಈಗ ಪೂರ್ಣ ನಿಷೇಧವಿದೆ, ಬೋರ್ಡ್ ಇರುತ್ತದೆ. ಒಪ್ಪಿದರೂ ಫ್ಲ್ಯಾಶ್ ಬೇಡ, ಬಣ್ಣ ಹಚ್ಚುವ ಚಪ್ಪರಕ್ಕೆ ಕ್ಯಾಮೆರಾ ನುಗ್ಗಿಸಬೇಡಿ, ದೈವ ಚಲಿಸುವ ದಾರಿಗೆ ಅಡ್ಡ ನಿಲ್ಲಬೇಡಿ. ಚಪ್ಪಲಿ ಕಳದ ಹೊರಗೆ. ಸಿನಿಮಾ ನೋಡಿ ಬಂದು ದೈವದ ಕೂಗನ್ನು ಅಣಕಿಸುವವರನ್ನು ಊರವರು ಸಹಿಸುವುದಿಲ್ಲ, ಸಹಿಸಬೇಕಾಗಿಯೂ ಇಲ್ಲ.

ಯಕ್ಷಗಾನ ಎಲ್ಲಿ ನೋಡುವುದು? ರಾತ್ರಿ ಇಡೀ ಕೂರಬೇಕೆ?

ನವೆಂಬರ್ ಸುಮಾರಿಗೆ ಹೊರಡುವ ಮೇಳಗಳು ಪತ್ತನಾಜೆವರೆಗೆ ದಿನಕ್ಕೊಂದು ಊರಲ್ಲಿ ಆಡುತ್ತವೆ. ಮಂಗಳೂರು ಕಡೆ ತೆಂಕುತಿಟ್ಟು. ಕಟೀಲು, ಧರ್ಮಸ್ಥಳ ಮೇಳಗಳು ಪ್ರಸಿದ್ಧ. ಉಡುಪಿಯಿಂದ ಉತ್ತರಕ್ಕೆ ಬಡಗುತಿಟ್ಟು. ಮಂದಾರ್ತಿ, ಸಾಲಿಗ್ರಾಮ ಅಲ್ಲಿನ ದೊಡ್ಡ ಹೆಸರುಗಳು. ಹೆಚ್ಚಿನವು ಹರಕೆಯ ಆಟಗಳು, ಯಾರೋ ಭಕ್ತರು ಆಡಿಸುತ್ತಾರೆ, ಪ್ರವೇಶ ಉಚಿತ. ಇವತ್ತಿನ ಆಟ ಎಲ್ಲಿ ಎಂಬುದು ಸ್ಥಳೀಯ ಪತ್ರಿಕೆಯಲ್ಲಿ ಬರುತ್ತದೆ. ಈಗ ಹಲವು ಮೇಳಗಳು ಕಾಲಮಿತಿಗೆ ಬಂದಿವೆ, ಸಂಜೆ ಶುರುವಾಗಿ ನಡುರಾತ್ರಿಗೆ ಮುಗಿಯುತ್ತದೆ. ಮೊದಲ ಸಲ ನೋಡುವವರು ಭಾಗವತರು ಕಾಣುವ ಹಾಗೆ ಕೂತುಕೊಳ್ಳಿ. ಪದ ಎತ್ತುವವರು, ವೇಗ ಹಿಡಿಯುವವರು, ವೇಷವನ್ನು ಕುಣಿಸುವವರು ಅವರೇ. ಮಳೆಗಾಲದಲ್ಲಿ ಬಂದವರಿಗೆ ತಾಳಮದ್ದಳೆ ಉಂಟು, ವೇಷವಿಲ್ಲದ ಬರೀ ಮಾತಿನ ಆಟ.

ಕಂಬಳದಲ್ಲಿ ಯಾವುದನ್ನು ಗಮನಿಸಬೇಕು?

ನವೆಂಬರ್‌ನಿಂದ ಮಾರ್ಚ್‌ವರೆಗೆ ವಾರಾಂತ್ಯಗಳಲ್ಲಿ ಬೇರೆ ಬೇರೆ ಊರಲ್ಲಿ ನಡೆಯುತ್ತದೆ. ಕೆಸರಿನ ಎರಡು ಕರೆ (ಓಟದ ಪಥ) ಇದ್ದರೆ ಜೋಡುಕರೆ. ಓಟ ಶುರುವಾಗುವ ತುದಿ ಗಂತು, ಮುಗಿಯುವ ತುದಿ ಮಂಜೊಟ್ಟಿ. ಹಗ್ಗ ಮತ್ತು ನೇಗಿಲು ವಿಭಾಗಗಳಲ್ಲಿ ವೇಗವೇ ಲೆಕ್ಕ, ಅದರಲ್ಲಿ ಹಿರಿಯ, ಕಿರಿಯ ಎಂದು ಕೋಣಗಳ ವಿಂಗಡಣೆ. ಕನೆಹಲಗೆ ಹಾಗಲ್ಲ. ಓಡಿಸುವವರು ಸಣ್ಣ ಹಲಗೆಯ ಮೇಲೆ ನಿಲ್ಲುತ್ತಾರೆ, ಹಲಗೆಯ ತೂತಿನಿಂದ ನೀರು ಮೇಲೆ ಚಿಮ್ಮಿ ಎತ್ತರದಲ್ಲಿ ಕಟ್ಟಿದ ನಿಶಾನೆಗೆ ತಾಗಬೇಕು. ಎತ್ತರದ ಅಳತೆ ಕೋಲಿನಲ್ಲಿ, ಆರೂವರೆ ಕೋಲು, ಏಳೂವರೆ ಕೋಲು ಎಂದು. ಇದಕ್ಕೆ ನಿಶಾನೆಯ ನೇರಕ್ಕೆ ಬದಿಯಲ್ಲಿ ನಿಲ್ಲಬೇಕು. ಮಂಜೊಟ್ಟಿಯಲ್ಲಿ ನಿಂತರೆ ಕಾಣದು, ಅಲ್ಲಿ ಕೋಣಗಳು ಏರಿ ಬರುವುದರಿಂದ ಅಪಾಯವೂ ಹೌದು.

ಶನಿವಾರ ಬೆಳಿಗ್ಗೆ ಆರಂಭವಾದದ್ದು ಮುಗಿಯುವುದು ಆದಿತ್ಯವಾರ. ಫೈನಲ್ ಬೇಕಾದವರು ಆದಿತ್ಯವಾರ ಬೆಳಿಗ್ಗೆ ಹೋಗಿ. 2014ರಲ್ಲಿ ನ್ಯಾಯಾಲಯದ ತೀರ್ಪಿನಿಂದ ಕಂಬಳ ಸಂಕಟಕ್ಕೆ ಸಿಕ್ಕಿತ್ತು, 2017ರಲ್ಲಿ ರಾಜ್ಯ ಕಾನೂನು ತಿದ್ದುಪಡಿ ಮಾಡಿತು, 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು.

ಹುಲಿವೇಷ?

ಮಂಗಳೂರಲ್ಲಿ ನವರಾತ್ರಿಗೆ, ಉಡುಪಿಯಲ್ಲಿ ಕೃಷ್ಣಾಷ್ಟಮಿಯ ಮರುದಿನದ ವಿಟ್ಲಪಿಂಡಿಗೆ. ಮಂಗಳಾದೇವಿ ಹಾಗೂ ನಾರಾಯಣ ಗುರುಗಳು 1912ರಲ್ಲಿ ಪ್ರತಿಷ್ಠೆ ಮಾಡಿದ ಕುದ್ರೋಳಿ ಗೋಕರ್ಣನಾಥ ಕ್ಷೇತ್ರದ ಸುತ್ತ ತಂಡಗಳು ಹೆಚ್ಚು. ತಾಸೆ ವಾದ್ಯದ ಬಡಿತಕ್ಕೆ ಕುಣಿಯುತ್ತ ಅಕ್ಕಿಮುಡಿಯನ್ನು (ಹುಲ್ಲಿನಲ್ಲಿ ಕಟ್ಟಿದ ಅಕ್ಕಿಮೂಟೆ) ಹಲ್ಲಿನಿಂದ ಕಚ್ಚಿ ಹಿಂದಕ್ಕೆ ಎಸೆಯುವುದನ್ನು ತಪ್ಪದೆ ನೋಡಿ.

ಬಸದಿ, ಬೆಟ್ಟಗಳಲ್ಲಿ ಯಾವುದನ್ನು ಬಿಡಬಾರದು?

ಮೂಡುಬಿದಿರೆಯ ಸಾವಿರ ಕಂಬದ ಬಸದಿ. 1430ರಲ್ಲಿ ಕಟ್ಟಲು ಶುರುವಾದದ್ದು. ಮಾಡಿನ ಇಳಿಜಾರು ಇಷ್ಟು ಕಡಿದು ಏಕೆಂದರೆ ಇಲ್ಲಿನ ಮಳೆ ಹಾಗಿದೆ. ಒಳಗಿನ ಕಂಬಗಳಲ್ಲಿ ಒಂದರ ಕೆತ್ತನೆ ಇನ್ನೊಂದರಲ್ಲಿಲ್ಲ. ಕಾರ್ಕಳದ 42 ಅಡಿಯ ಗೊಮ್ಮಟ 1432ರದು, ವೇಣೂರಿನದು 1604ರದು. ಕಾರ್ಕಳದ ಬಂಡೆ ಬೆಟ್ಟ ಹತ್ತುವಾಗ ಬರಿಗಾಲಿರುವುದರಿಂದ ಬೆಳಿಗ್ಗೆ ಒಂಬತ್ತರೊಳಗೆ ಹೋಗಿ. ಮಧ್ಯಾಹ್ನ ಕಲ್ಲು ಕಾದು ಕಾಲಿಡಲಾಗದು. ಕಾರ್ಕಳದಲ್ಲಿ ಗೊಮ್ಮಟನ ಎದುರಿಗಿರುವ 1586ರ ಚತುರ್ಮುಖ ಬಸದಿಯನ್ನು ಬಿಡಬೇಡಿ.

ಮಂಗಳೂರು ಪೇಟೆಯಲ್ಲೇ ಒಂದು ಕಡೆ ಹೋಗಲು ಸಮಯವಿದ್ದರೆ ಸೇಂಟ್ ಅಲೋಶಿಯಸ್ ಚಾಪೆಲ್. ಇಟಲಿಯ ಅಂಟೋನಿಯೊ ಮೊಸ್ಕೇನಿ 19ನೇ ಶತಮಾನದ ಕೊನೆಯಲ್ಲಿ ಹಸಿ ಗಾರೆಯ ಮೇಲೆ ಬರೆದ ಚಿತ್ರಗಳು ಗೋಡೆ ತುಂಬ ಇವೆ, ಮೇಲ್ಛಾವಣಿಯವು ಕ್ಯಾನ್ವಾಸಿನ ಮೇಲಿನವು.

ಸೇಂಟ್ ಮೇರೀಸ್ ದ್ವೀಪಕ್ಕೆ ಯಾವಾಗಲೂ ಬೋಟು ಇರುತ್ತದೆಯೆ?

ಇಲ್ಲ. ಮಳೆಗಾಲ ಪೂರ್ತಿ ಬಂದ್, ಗಾಳಿ ಎದ್ದ ದಿನವೂ ಬಂದ್. ಮಲ್ಪೆಯಿಂದ ಬೋಟು, ಜನ ಭರ್ತಿಯಾದ ಮೇಲೆ ಹೊರಡುತ್ತದೆ, ಹಾಗಾಗಿ ವಾರದ ದಿನಗಳಲ್ಲಿ ಕಾಯಬೇಕಾದೀತು. ಅಲ್ಲಿನ ಷಟ್ಕೋನದ ಕಲ್ಲುಕಂಬಗಳು ಸುಮಾರು 8.8 ಕೋಟಿ ವರ್ಷಗಳ ಹಿಂದಿನ ಲಾವಾ ತಣ್ಣಗಾಗುತ್ತ ಕುಗ್ಗಿ ಸೀಳಿದಾಗ ಆದವು. ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದವು. ನೆರಳು ಕಡಿಮೆ, ಕಲ್ಲು ಮತ್ತು ಚಿಪ್ಪು ಹರಿತ. ಹಿಡಿತವಿರುವ ಚಪ್ಪಲಿ ಹಾಕಿ, ಕಸ ವಾಪಸ್ ತನ್ನಿ.

ಬೀಚುಗಳಲ್ಲಿ ಪಣಂಬೂರು, ಮಲ್ಪೆ, ಕಾಪುವಿನಲ್ಲಿ ಜೀವರಕ್ಷಕರ ಮಾತು ಕೇಳಿ. ಮಳೆಗಾಲದಲ್ಲಿ ಮೊಣಕಾಲು ನೀರೂ ಬೇಡ. ಪ್ರತಿ ವರ್ಷ ಜೀವ ಹೋಗುವುದು ಈಜು ಬಾರದವರದ್ದಷ್ಟೇ ಅಲ್ಲ, ಒಳಸೆಳೆತಕ್ಕೆ ಎದುರು ಈಜಿ ಸುಸ್ತಾದವರದ್ದೂ. ಸಿಕ್ಕಿಕೊಂಡರೆ ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬರಬೇಕು.

ಮೀನಿನ ಊಟಕ್ಕೆ ಏನು ಕೇಳಬೇಕು?

ಬೂತಾಯಿ, ಬಂಗುಡೆ ಮೀನಿನ ಪುಳಿಮುಂಚಿ (ಹುಳಿ, ಖಾರದ ಗಸಿ) ಮೊದಲು. ಕಾಣೆ ರವಾ ಫ್ರೈ ಆಮೇಲೆ. ಮೀನಿನ ಊಟದ ದರದಲ್ಲಿ ಬರುವುದು ಕುಚ್ಚಲಕ್ಕಿ ಅನ್ನ, ಸಾರು, ಪಲ್ಯ. ಫ್ರೈಗೆ ಬೇರೆ ಬಿಲ್, ಅದೂ ಅಂದಿನ ಮಾರ್ಕೆಟ್ ದರ. ಕಾಣೆ, ಅಂಜಲ್‌ಗೆ ಮೊದಲೇ ದರ ಕೇಳುವುದರಲ್ಲಿ ಸಂಕೋಚವೇನಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ನಿಷೇಧ, ಮೀನು ಮೊಟ್ಟೆ ಇಡುವ ಕಾಲ. ಆಗ ನಾಡದೋಣಿಯವರು ತಂದದ್ದು ಮಾತ್ರ ತಾಜಾ, ಉಳಿದದ್ದು ಐಸಿನದು. ಕೋರಿ ರೊಟ್ಟಿಗೆ (ಕೋಳಿ ಸಾರಿನ ಜೊತೆ ತಿನ್ನುವ ತೆಳು, ಗರಿಗರಿ ಅಕ್ಕಿರೊಟ್ಟಿ) ಸಾರು ಒಮ್ಮೆಗೇ ಸುರಿಯಬೇಡಿ, ಎರಡೆರಡು ರೊಟ್ಟಿ ಮುರಿದು ಹಾಕಿ ಗರಿ ಇರುವಾಗಲೇ ತಿನ್ನಿ.

ಸಸ್ಯಾಹಾರಿಗಳು ಉಡುಪಿಯಲ್ಲಿ ಗೋಳಿಬಜೆ, ಬನ್ಸ್, ಮಟ್ಟುಗುಳ್ಳದ ಹುಳಿ ಕೇಳಿ. ಮಟ್ಟು ಊರಿನ ಈ ಹಸಿರು ಬದನೆಗೆ ಭೌಗೋಳಿಕ ಸೂಚಿಕೆ ಸಿಕ್ಕಿದೆ.

ಮನೆಯಲ್ಲಿ ಮಾಡಿದ ನೀರ್ ದೋಸೆ ಇಲ್ಲಿಯ ಹಾಗೆ ಏಕೆ ಬರುವುದಿಲ್ಲ?

ಎರಡು ಲೋಟ ಬೆಳ್ತಿಗೆ (ಕುಚ್ಚಲಲ್ಲದ ಬಿಳಿ) ಅಕ್ಕಿಯನ್ನು ನಾಲ್ಕು ಗಂಟೆ ನೆನೆಸಿ, ಅರ್ಧ ಲೋಟ ತೆಂಗಿನತುರಿ ಹಾಕಿ ತರಿ ಇಲ್ಲದಂತೆ ರುಬ್ಬಿ, ಉಪ್ಪು ಸೇರಿಸಿ ಮಜ್ಜಿಗೆಯಷ್ಟು ತೆಳು ಮಾಡಿ. ಹುಳಿ ಬರಿಸಬಾರದು. ಕಾವಲಿ ಚೆನ್ನಾಗಿ ಕಾದಿರಬೇಕು, ಹಿಟ್ಟು ಬಿದ್ದ ಕೂಡಲೇ ತೂತು ಬೀಳದಿದ್ದರೆ ಕಾವು ಸಾಲದು ಎಂದರ್ಥ. ಅಂಚಿನಿಂದ ನಡುವಿಗೆ ಹೊಯ್ಯಿರಿ, ಸೌಟಿನಿಂದ ಹರಡಬೇಡಿ. ಮುಚ್ಚಿ ಬೇಯಿಸಿ, ಮಗುಚದೆ ಮಡಚಿ ತೆಗೆಯಿರಿ. ಅಕ್ಕಿಹಿಟ್ಟು ತಳಕ್ಕೆ ಕೂರುವುದರಿಂದ ಪ್ರತಿ ದೋಸೆಗೂ ಕದಡಬೇಕು. ಕದಡದೆ ಹೊಯ್ದರೆ ಮೊದಲಿನವು ಹರಿಯುತ್ತವೆ, ಕೊನೆಯವು ರಬ್ಬರಿನಂತಾಗುತ್ತವೆ. ಬಿಸಿಯಿರುವಾಗ ಒಂದರ ಮೇಲೊಂದು ಇಟ್ಟರೂ ಅಂಟುತ್ತವೆ.

ಮೂರೇ ದಿನ ಇದ್ದರೆ?

ಒಂದು ದಿನ ಮಂಗಳೂರು: ಕದ್ರಿ, ಚಾಪೆಲ್, ಸಂಜೆ ಹಳೆ ಕಾವಲು ಗೋಪುರ ಸುಲ್ತಾನ್ ಬತ್ತೇರಿ ಕಡೆ. ಒಂದು ದಿನ ಮೂಡುಬಿದಿರೆ, ಕಾರ್ಕಳ, ಅಲ್ಲಿಂದಲೇ ಉಡುಪಿಗೆ. ಮೂರನೇ ದಿನ ಬೆಳಿಗ್ಗೆ ಮಠ, ಆಮೇಲೆ ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮ ಅಥವಾ ಮಲ್ಪೆಯ ದ್ವೀಪ. ಎರಡನ್ನೂ ತುರುಕಬೇಡಿ: ಕಳಚಿ ತಂದು ಮತ್ತೆ ನಿಲ್ಲಿಸಿದ ಹಳೆ ಮನೆಗಳ ಆ ಗ್ರಾಮವನ್ನು ಮಾರ್ಗದರ್ಶಕರ ಜೊತೆ ನಿಧಾನವಾಗಿ ನೋಡಬೇಕು. ಯಾವ ಊರಲ್ಲಿ ಇವತ್ತು ಆಟ ಇದೆ ಎಂದು ಮೂರೂ ಸಂಜೆ ವಿಚಾರಿಸಿ.

ಮನೆಗೆ ಏನು ಒಯ್ಯಬಹುದು?

ಗೋಡಂಬಿ, ಹಲಸಿನ ಹಪ್ಪಳ, ಕೋರಿ ರೊಟ್ಟಿಯ ಪ್ಯಾಕೆಟ್ ದಾರಿಯಲ್ಲಿ ಕೆಡುವುದಿಲ್ಲ. ಶಂಕರಪುರದ ಮಲ್ಲಿಗೆ ಬೇಕಾದರೆ ಹೊರಡುವ ದಿನವೇ ಕೊಳ್ಳಿ. ಅದರ ಲೆಕ್ಕ ಚೆಂಡು ಮತ್ತು ಅಟ್ಟೆಯಲ್ಲಿ: ಸುಮಾರು 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ದರ ದಿನಕ್ಕೊಂದು, ಮದುವೆ ಮುಹೂರ್ತಗಳಿದ್ದಾಗ ಏರುತ್ತದೆ. ಬಾಳೆನಾರಿನಲ್ಲಿ ಕಟ್ಟಿದ್ದನ್ನು ಬಾಳೆಲೆಯಲ್ಲೇ ಸುತ್ತಿಸಿಕೊಳ್ಳಿ. ಪ್ಲಾಸ್ಟಿಕ್ ಚೀಲಕ್ಕೆ ಹಾಕಿದರೆ ಬೆವತು ಘಾಟಿ ಹತ್ತುವುದರೊಳಗೆ ಕಂದುತ್ತದೆ.